ನಿಮ್ಮ ಫ್ಲ್ಯಾಟ್ ಬಾಸ್ಟನ್‌ನಲ್ಲಿದೆ

ಬೆಂಗಳೂರಿನಲ್ಲಿ ಈಗ ಏಳುತ್ತಿರುವ ಎಷ್ಟೋ ಕಟ್ಟಡಗಳು ಕಂಪ್ಯೂಟರಿನ ಒಳಗೆ ಬೆಂಗಳೂರಿನಲ್ಲಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿವೆ. ತಮಾಷೆಗೆ ಹೇಳ್ತಿಲ್ಲ. ಆರ್ಕಿಟೆಕ್ಟ್ ಆಫೀಸುಗಳಲ್ಲಿ ದಿನಾ ಬಳಸುವ ರೆವಿಟ್ ಅನ್ನೋ ಸಾಫ್ಟ್‌ವೇರ್ ಹುಟ್ಟಿದ್ದು ಬಾಸ್ಟನ್ ಹತ್ತಿರದ ಒಂದು ಸಣ್ಣ ಕಂಪನಿಯಲ್ಲಿ. 2002ರಲ್ಲಿ ಅದನ್ನು ಆಟೊಡೆಸ್ಕ್ ಕೊಂಡುಕೊಂಡಿತು. ‘ಈ ಕಟ್ಟಡ ಭೂಮಿಯ ಮೇಲೆ ಎಲ್ಲಿದೆ’ ಎಂದು ಹೇಳಬೇಕಾದ ಪೆಟ್ಟಿಗೆಯಲ್ಲಿ ಬಾಸ್ಟನ್ ಅಂತ ಮೊದಲೇ ತುಂಬಿಕೊಂಡು ಬಂದ ಫೈಲುಗಳನ್ನು ಈ ಕಸುಬಿನಲ್ಲಿರುವ ಎಲ್ಲರೂ ನೋಡಿರುತ್ತಾರೆ. ಸ್ಕೆಚ್‌ಅಪ್‌ನದೂ ಇದೇ ಕಥೆ. ಅದು ಹುಟ್ಟಿದ್ದು ಕೊಲೊರಾಡೊದ ಬೌಲ್ಡರ್‌ನಲ್ಲಿ, ಅದರ ಹೊಸ ಫೈಲಿನ ಸೂರ್ಯ ಹುಟ್ಟುತ್ತಿದ್ದದ್ದೂ ಬೌಲ್ಡರ್‌ನಲ್ಲೇ.

ಅವರು ತಮ್ಮೂರಿನ ಹೆಸರು ಹಾಕಿಕೊಂಡರು, ಸರಿ. ನಾವು ಅದನ್ನು ಯಾಕೆ ಅಳಿಸಲಿಲ್ಲ?

ಇದು ಎರಡು ನಿಮಿಷದ ಕೆಲಸ. ಮ್ಯಾನೇಜ್ ಟ್ಯಾಬ್‌ಗೆ ಹೋಗಿ, ಲೊಕೇಶನ್ ಒತ್ತಿ, ವಿಳಾಸ ಟೈಪ್ ಮಾಡಿ, ಮ್ಯಾಪಿನ ಪಿನ್ನನ್ನು ಸೈಟಿನ ಮೇಲೆ ಎಳೆದಿಟ್ಟರೆ ಮುಗೀತು. ಹನ್ನೊಂದು ವರ್ಷದಿಂದ ಈ ಮಾಡೆಲುಗಳ ಮಧ್ಯೆ ಬದುಕಿದ್ದೀನಿ. ಬೇರೆ ಆಫೀಸಿನಿಂದ ಬಂದ ಫೈಲ್ ತೆರೆದ ಕೂಡಲೇ ನಾನು ಮೊದಲು ನೋಡೋದು ಈ ಪೆಟ್ಟಿಗೆಯನ್ನೇ. ಹದಿನಾಲ್ಕು ಮಹಡಿ ಮುಗಿದಿರುತ್ತೆ, ಬಾಗಿಲ ಹಿಡಿಕೆಯ ತನಕ ಮಾಡೆಲ್ ಮಾಡಿರುತ್ತಾರೆ, ಟಾಯ್ಲೆಟ್ಟಿನ ಟೈಲ್ಸ್ ಜೋಡಿಸಿರುತ್ತಾರೆ. ಊರಿನ ಹೆಸರು ಮಾತ್ರ ಬಾಸ್ಟನ್.

ನೀವು ಸಾಫ್ಟ್‌ವೇರ್ ಕಂಪನಿಯಲ್ಲಿ ಇರೋರಾದರೆ ಹೀಗೆ ಯೋಚಿಸಿ. ಸರ್ವರಿನ ಟೈಮ್‌ಝೋನ್ ತಪ್ಪಿದ್ದರೆ ರಾತ್ರಿ ಎರಡಕ್ಕೆ ಎದ್ದು ಕೂತು ಸರಿಮಾಡ್ತೀರಿ, ಬೆಳಗ್ಗೆ ಮೀಟಿಂಗ್ ಕರೆದು ‘ಇದು ಹೇಗೆ ಪ್ರೊಡಕ್ಷನ್‌ಗೆ ಹೋಯ್ತು’ ಅಂತ ಕೇಳ್ತೀರಿ. ಇಪ್ಪತ್ತು ವರ್ಷ ಇಎಂಐ ಕಟ್ಟಿ ನೀವು ವಾಸ ಮಾಡುವ ಮನೆ ಇನ್ನೊಂದು ಖಂಡದ ಬಿಸಿಲಿನಲ್ಲಿ ಪ್ರೊಡಕ್ಷನ್‌ಗೆ ಹೋಗಿದೆ. ಯಾರೂ ಕೇಳಲಿಲ್ಲ.

‘ಊರು ಯಾವುದಾದರೇನ್ರೀ, ಸೂರ್ಯ ಒಬ್ಬನೇ ತಾನೆ?’ ಅನ್ನೋರಿಗೆ ಲೆಕ್ಕ ಕೊಡ್ತೀನಿ.

ಬೆಂಗಳೂರು ಇರುವುದು ಸಮಭಾಜಕದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿ, ಬಾಸ್ಟನ್ ಇರುವುದು 42 ಡಿಗ್ರಿಯ ಆಚೆ. ಡಿಸೆಂಬರ್ 21ರ ನಡುಮಧ್ಯಾಹ್ನ ನಮ್ಮಲ್ಲಿ ಸೂರ್ಯ ದಕ್ಷಿಣದ ಆಕಾಶದಲ್ಲಿ ಸುಮಾರು 53 ಡಿಗ್ರಿ ಮೇಲಿರುತ್ತಾನೆ. ಬಾಸ್ಟನ್‌ನಲ್ಲಿ ಅದೇ ಹೊತ್ತಿಗೆ 24 ಡಿಗ್ರಿ. ಏಳು ಅಡಿ ಎತ್ತರದ ಲಿಂಟಲ್ ಇರುವ ದಕ್ಷಿಣದ ಕಿಟಕಿ ತೊಗೊಳ್ಳಿ, ಮೇಲೆ ಸಜ್ಜಾ ಇಲ್ಲ ಅಂದುಕೊಳ್ಳಿ. ಆ ಮಧ್ಯಾಹ್ನ ಬೆಂಗಳೂರಿನ ಹಾಲ್ ಒಳಗೆ ಬಿಸಿಲು ಐದಡಿ ಬಂದು ನಿಲ್ಲುತ್ತೆ. ಬಾಸ್ಟನ್‌ನ ಹಾಲ್‌ನಲ್ಲಿ ಹದಿನೈದಡಿ ದಾಟುತ್ತೆ. ಬಿಲ್ಡರ್ ಬ್ರೋಷರಿನಲ್ಲಿ ಸೋಫಾ ದಾಟಿ ಡೈನಿಂಗ್ ಟೇಬಲ್ ತನಕ ಚಾಚಿಕೊಂಡ ಬಂಗಾರದ ಬಿಸಿಲನ್ನು ನೋಡಿ ನಿಮ್ಮ ಮನಸ್ಸು ಕರಗಿತ್ತಲ್ಲ, ಅಂಥ ಮಧ್ಯಾಹ್ನದ ಬಿಸಿಲು ಬೆಂಗಳೂರಿನದ್ದಲ್ಲ.

ಇನ್ನು ನೆರಳು. 45 ಮೀಟರ್ ಎತ್ತರದ ಟವರ್ ಒಂದು ಅದೇ ದಿನ, ಅದೇ ಮಧ್ಯಾಹ್ನ ಬೆಂಗಳೂರಿನಲ್ಲಿ ಉತ್ತರಕ್ಕೆ ಚೆಲ್ಲುವ ನೆರಳು ಸುಮಾರು 33 ಮೀಟರ್. ಬಾಸ್ಟನ್‌ನಲ್ಲಿ 100 ಮೀಟರ್. ಮಕ್ಕಳ ಆಟದ ಜಾಗ ಎಲ್ಲಿಡಬೇಕು, ಎರಡು ಟವರ್ ಮಧ್ಯೆ ಎಷ್ಟು ಬಿಡಬೇಕು, ಟೆರೇಸಿನ ಮೇಲೆ ಸೋಲಾರ್ ಪ್ಯಾನೆಲ್‌ಗಳ ಒಂದು ಸಾಲಿಗೂ ಇನ್ನೊಂದು ಸಾಲಿಗೂ ಎಷ್ಟು ಅಂತರ ಇರಬೇಕು, ಇದೆಲ್ಲ ಈ ನೆರಳಿನ ಲೆಕ್ಕದಿಂದಲೇ ಬರುವುದು. ಮೂರು ಪಟ್ಟು ತಪ್ಪಿದ ಲೆಕ್ಕ ಇಟ್ಟುಕೊಂಡರೆ ಸೋಲಾರ್ ಸಾಲುಗಳು ಸುಮ್ಮನೆ ದೂರ ದೂರ ಕೂತುಕೊಂಡು ಅರ್ಧ ಟೆರೇಸ್ ಖಾಲಿ ಬೀಳುತ್ತೆ.

ಇದಕ್ಕಿಂತ ದೊಡ್ಡ ವಿಷಯ ಉತ್ತರದ ಗೋಡೆಯದ್ದು. ಬಾಸ್ಟನ್‌ನಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷದ ಯಾವ ದಿನವೂ ಉತ್ತರಕ್ಕೆ ಬರೋದಿಲ್ಲ. ಬೆಂಗಳೂರಿನಲ್ಲಿ ಬರುತ್ತಾನೆ. ಏಪ್ರಿಲ್ 24-25ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನಮ್ಮೂರಲ್ಲಿ ಶೂನ್ಯ ನೆರಳಿನ ದಿನ ಬರುತ್ತೆ. ಬಾಟಲಿ ನಿಲ್ಲಿಸಿ ಫೋಟೋ ಹೊಡೆದು ಸ್ಟೇಟಸ್ ಹಾಕ್ತೀವಲ್ಲ, ಅದೇ. ಆ ಎರಡು ದಿನಗಳ ನಡುವಿನ ಹೆಚ್ಚು ಕಡಿಮೆ ನಾಲ್ಕು ತಿಂಗಳು ಸೂರ್ಯ ಬೆಳಗ್ಗೆಯಿಂದ ಸಂಜೆ ತನಕ ಉತ್ತರದ ಕಡೆಯೇ ಇರುತ್ತಾನೆ. ಆಗ ದಕ್ಷಿಣದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಜೂನ್ ಆದಮೇಲೆ ಮೋಡ ಕಾಪಾಡುತ್ತೆ, ಒಪ್ಪಿದೆ. ಏಪ್ರಿಲ್ ಕೊನೆ ಮತ್ತು ಇಡೀ ಮೇ ತಿಂಗಳು ಯಾರು ಕಾಪಾಡ್ತಾರೆ?

ನನ್ನ ಸ್ನೇಹಿತನೊಬ್ಬ ಊರಿನ ಉತ್ತರದ ಕಡೆ ಒಂದು ಅಪಾರ್ಟ್‌ಮೆಂಟ್ ತೊಗೊಂಡ. ಗಂಡ ಹೆಂಡತಿ ಇಬ್ಬರೂ ಮನೆಯಿಂದಲೇ ಕೆಲಸ ಮಾಡೋರು. ಸ್ಟಡಿ ರೂಮಿಗೆ ನೆಲದಿಂದ ಸೀಲಿಂಗ್ ತನಕ ಉತ್ತರದ ಗಾಜು, ಸಜ್ಜಾ ಇಲ್ಲ. ಮೇ ತಿಂಗಳಲ್ಲಿ ನಾನು ಹೋದಾಗ ಆ ಗಾಜಿಗೆ ಹಳೇ ಪೇಪರ್ ಅಂಟಿಸಿದ್ದರು. ಬೆಳಗ್ಗೆ ಏಳೂವರೆಗೆಲ್ಲ ಲ್ಯಾಪ್‌ಟಾಪ್ ಸ್ಕ್ರೀನ್ ಕಾಣ್ತಿರಲಿಲ್ಲವಂತೆ, ಸಂಜೆ ಮತ್ತೆ ಅದೇ ಕಥೆ. ಸೇಲ್ಸ್‌ನವನಿಗೆ ಫೋನ್ ಮಾಡಿ ಕೇಳಿದರೆ ಅವನು, ‘ಸರ್, ಅದು ನಾರ್ತ್ ಫೇಸಿಂಗ್. ನಾರ್ತ್‌ಗೆ ಬಿಸಿಲೇ ಬರಲ್ಲ ಸರ್’ ಅಂದನಂತೆ. ಪೇಪರ್ ಅಂಟಿಸಿದ ಕಿಟಕಿ ಎದುರು ನಿಂತವನಿಗೆ!

ಆ ಕಟ್ಟಡದ ಫೈಲನ್ನು ನಾನು ನೋಡಿಲ್ಲ. ಅದರ ಲೊಕೇಶನ್ ಪೆಟ್ಟಿಗೆಯಲ್ಲಿ ಏನಿತ್ತೋ ಗೊತ್ತಿಲ್ಲ. ಆದರೆ ‘ನಾರ್ತ್‌ಗೆ ಬಿಸಿಲೇ ಬರಲ್ಲ’ ಅನ್ನುವ ಮಾತಿನ ಹುಟ್ಟೂರು ಗೊತ್ತು. ಅದು ನಲವತ್ತು, ಐವತ್ತು ಡಿಗ್ರಿಯ ಊರುಗಳ ಪಠ್ಯಪುಸ್ತಕದ ಮಾತು. ಅಲ್ಲಿ ಚಿತ್ರಕಲಾವಿದರ ಸ್ಟುಡಿಯೋಗೆ ಉತ್ತರದ ಬೆಳಕು ಬೇಕು ಅಂತಾರೆ, ಯಾಕಂದ್ರೆ ಹೊತ್ತಿನ ಉದ್ದಕ್ಕೂ ಅದು ಹೆಚ್ಚು ಬದಲಾಗಲ್ಲ. ನಾವು ಆ ಮಾತನ್ನು ಹಾಗೇ ಎತ್ತಿಕೊಂಡು ಬಂದು ಹದಿಮೂರು ಡಿಗ್ರಿಯ ಊರಲ್ಲಿ ನೆಲದಿಂದ ಸೀಲಿಂಗ್ ತನಕ ಗಾಜು ಹಾಕಿದೆವು. ಸೈಟಿನ ಮೇಲೆ ಪಿನ್ ಇಟ್ಟು, ಮೇ 10ಕ್ಕೆ ದಿನಾಂಕ ತಿರುಗಿಸಿ, ಸನ್ ಪಾಥ್ ಆನ್ ಮಾಡಿ ಬೆಳಗ್ಗೆಯಿಂದ ಸಂಜೆ ತನಕ ಒಮ್ಮೆ ಓಡಿಸಿದ್ದರೆ ಆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತಿತ್ತು. ಪರಿಹಾರವೂ ದುಬಾರಿಯದ್ದಲ್ಲ. ಜೂನ್ 21ರ ಮಧ್ಯಾಹ್ನ ನಮ್ಮ ಉತ್ತರದ ಸೂರ್ಯ 79 ಡಿಗ್ರಿಗಿಂತ ಮೇಲಿರುತ್ತಾನೆ. ನಾಲ್ಕಡಿಯ ಕಿಟಕಿಗೆ ಒಂಬತ್ತು ಇಂಚಿನ ಸಜ್ಜಾ ಸಾಕು, ಮಧ್ಯಾಹ್ನ ಪೂರ್ತಿ ನೆರಳು. ಬೆಳಗ್ಗೆ ಮತ್ತು ಸಂಜೆಯ ಓರೆ ಬಿಸಿಲಿಗೆ ಪಕ್ಕದಲ್ಲೊಂದು ನಿಲುವು ಹಲಗೆ. ಒಂಬತ್ತು ಇಂಚಿಗೆ ಹೋದ ಮರ್ಯಾದೆ ಇದು.

ಇನ್ನು ನೆಪಗಳ ವಿಚಾರ. ಆಫೀಸುಗಳಲ್ಲಿ ನಾನು ಕೇಳಿದ್ದು ಮುಖ್ಯವಾಗಿ ಮೂರು.

ಮೊದಲನೆಯದು, ‘ಅದನ್ನು ರೆಂಡರ್ ಮಾಡೋರು ನೋಡ್ಕೋತಾರೆ’ ಅನ್ನೋದು. ರೆಂಡರ್ ಮಾಡುವ ಹುಡುಗರ ಕೆಲಸ ಕಟ್ಟಡವನ್ನು ಚೆಂದ ಕಾಣಿಸುವುದು. ಸೂರ್ಯನನ್ನು ಮೌಸಿನಲ್ಲಿ ಹಿಡಿದು ಎಲ್ಲಿ ಬೇಕೋ ಅಲ್ಲಿ ತೂಗುಹಾಕುವ ಸ್ವಾತಂತ್ರ್ಯ ಅವರಿಗಿದೆ, ಇರಲಿ. ಅದು ಡಿಸೈನ್ ಅಲ್ಲ. ರೆಂಡರ್ ಹಂತಕ್ಕೆ ಬರುವಷ್ಟರಲ್ಲಿ ಕಿಟಕಿಗಳ ಜಾಗ, ಗಾಜಿನ ಅಳತೆ, ಬಾಲ್ಕನಿಯ ದಿಕ್ಕು ಎಲ್ಲ ನಿಗದಿಯಾಗಿ, ನಕ್ಷೆ ಮಂಜೂರಾತಿಗೆ ಹೋಗಿರುತ್ತೆ. ಆಮೇಲೆ ಸೂರ್ಯ ಎಲ್ಲಿದ್ದಾನೆ ಅಂತ ತಿಳಿದು ಪ್ರಯೋಜನ? ಮದುವೆ ಊಟ ಮುಗಿದ ಮೇಲೆ ಎಷ್ಟು ಎಲೆ ಅಂತ ಕೇಳಿದ ಹಾಗೆ.

ಎರಡನೆಯದು, ‘ಮೂವತ್ತು ನಲವತ್ತರ ಸೈಟು, ಮೂರಡಿ ಆಚೆ ಪಕ್ಕದ ಮನೆ ಗೋಡೆ. ಇಲ್ಲಿ ಯಾವ ಬಿಸಿಲು, ಯಾವ ನೆರಳು?’ ಇದು ಪೂರ್ತಿ ಉಲ್ಟಾ. ಎಕರೆಗಟ್ಟಲೆ ಜಾಗ ಇದ್ದವನಿಗೆ ಒಂದು ಕಿಟಕಿ ತಪ್ಪಿದರೆ ಇನ್ನೊಂದು ಇರುತ್ತೆ. ಮೂರು ಕಡೆ ಗೋಡೆ ಕಟ್ಟಿಸಿಕೊಂಡವನಿಗೆ ಆಕಾಶದ ಒಂದು ಸೀಳು ಮಾತ್ರ ಉಳಿದಿರುತ್ತೆ. ಆ ಸೀಳಿನಲ್ಲಿ ಸೂರ್ಯ ಯಾವ ತಿಂಗಳು, ಎಷ್ಟು ಹೊತ್ತು ಕಾಣಿಸ್ತಾನೆ ಅನ್ನೋದು ಅವನಿಗೆ ಅನ್ನ ನೀರಿನಷ್ಟು ಮುಖ್ಯ. ಸ್ಕೈಲೈಟ್ ಅರ್ಧ ಮೀಟರ್ ಆ ಕಡೆ ಇಟ್ಟರೆ ಅಡುಗೆಮನೆಗೆ ಬೆಳಕು, ಈ ಕಡೆ ಇಟ್ಟರೆ ಮೆಟ್ಟಿಲಿಗೆ.

ಮೂರನೆಯದು, ‘ನಮಗೆ ಅನುಭವ ಇದೆ, ಸಾಫ್ಟ್‌ವೇರ್ ಹೇಳಬೇಕಾಗಿಲ್ಲ.’ ಅನುಭವಕ್ಕೆ ನಾನು ಕೈ ಮುಗೀತೀನಿ. ಸೈಟಿನಲ್ಲೇ ಬೆಳೆದ ಹಳೇ ಮೇಸ್ತ್ರಿ ಯಾವ ಗೋಡೆ ಕಾಯುತ್ತೆ, ಮಳೆ ಯಾವ ಕಡೆಯಿಂದ ಹೊಡೆಯುತ್ತೆ ಅಂತ ಕಣ್ಣು ಮುಚ್ಚಿಕೊಂಡು ಹೇಳ್ತಾನೆ. ಅವನಿಗೆ ಲೊಕೇಶನ್ ಸೆಟ್ ಮಾಡುವ ಅಗತ್ಯ ಇಲ್ಲ, ಅವನು ಆ ಲೊಕೇಶನ್ನಿನಲ್ಲೇ ನಿಂತಿದ್ದಾನೆ. ನಾವು ಔಟರ್ ರಿಂಗ್ ರೋಡಿನ ಏಸಿ ರೂಮಿನಲ್ಲಿ ಕೂತು, ಸೈಟನ್ನು ಒಮ್ಮೆ ಡ್ರೋನ್ ವಿಡಿಯೋದಲ್ಲಿ ನೋಡಿ, ದಾವಣಗೆರೆಯ ಕಟ್ಟಡ ಬರೆಯೋರು. ಅವನ ಅನುಭವವನ್ನು ನಮ್ಮ ಹೆಸರಿಗೆ ಬರೆದುಕೊಳ್ಳೋದು ಬೇಡ.

ನನಗೆ ನಿಜವಾಗಿ ಸಿಟ್ಟು ಬರೋದು ಇನ್ನೊಂದು ಕಾರಣಕ್ಕೆ. ನಮಗೆ ಈ ಕೆಲಸ ಗೊತ್ತಿಲ್ಲ ಅಂತಲ್ಲ. ಬೆಂಗಳೂರಿನ ಎಷ್ಟೋ ಆಫೀಸುಗಳು ಅಮೆರಿಕ, ಇಂಗ್ಲೆಂಡ್, ಗಲ್ಫ್ ದೇಶಗಳ ಕಟ್ಟಡಗಳಿಗೆ ಮಾಡೆಲ್ ಮಾಡಿಕೊಟ್ಟು ಬದುಕುತ್ತಿವೆ. ನಾನೂ ಅಂಥ ಕೆಲಸ ಮಾಡಿದ್ದೀನಿ. ಅಲ್ಲಿನ ಕ್ಲೈಂಟ್ ಕಳಿಸುವ ಪ್ಲಾನಿನ ಆರಂಭದಲ್ಲೇ ಸೈಟಿನ ಕೋಆರ್ಡಿನೇಟ್ಸ್ ಎಷ್ಟು, ಟ್ರೂ ನಾರ್ತ್ ಎಷ್ಟು ಡಿಗ್ರಿ ತಿರುಗಿದೆ, ಸ್ಟ್ರಕ್ಚರ್‌ನವರು ಮತ್ತು ಪ್ಲಂಬಿಂಗ್‌ನವರು ಯಾವ ಬಿಂದುವಿಗೆ ಜೋಡಿಸಿಕೊಳ್ಳಬೇಕು ಅಂತೆಲ್ಲ ಬರೆದಿರುತ್ತೆ. ನಮ್ಮ ಹುಡುಗರು ದಶಮಾಂಶ ಬಿಂದು ತಪ್ಪದ ಹಾಗೆ ಕೂರಿಸ್ತಾರೆ. ತಪ್ಪಿದರೆ ರಾತ್ರೋರಾತ್ರಿ ಮೇಲ್ ಬರುತ್ತೆ. ಅದೇ ಹುಡುಗರು, ಅದೇ ಕಂಪ್ಯೂಟರ್, ಮಾರನೇ ದಿನ ತುಮಕೂರು ರಸ್ತೆಯ ಪ್ರಾಜೆಕ್ಟ್ ತೆರೆದರೆ ಬಾಸ್ಟನ್ ಹಾಗೇ ಉಳಿಯುತ್ತೆ. ಮ್ಯಾಂಚೆಸ್ಟರಿನವನ ಕಟ್ಟಡಕ್ಕೆ ಮ್ಯಾಂಚೆಸ್ಟರಿನ ಸೂರ್ಯ, ನಮ್ಮವರ ಕಟ್ಟಡಕ್ಕೆ ಯಾರೋ ಬಿಟ್ಟುಹೋದ ಸೂರ್ಯ. ಇದಕ್ಕೆ ಸಮಯದ ಕೊರತೆ ಅಂತ ಹೆಸರಿಡಬೇಡಿ. ಯಾರು ಮುಖ್ಯ, ಯಾರು ಅಲ್ಲ ಅಂತ ನಾವು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೀವಿ.

ಕ್ಲೈಂಟ್ ಕೇಳಲ್ಲ ಅಂತೀರಾ? ಕೇಳ್ತಾರೆ ಸ್ವಾಮಿ! ವಾಸ್ತು ಹೆಸರಲ್ಲಿ ಕೇಳ್ತಾರೆ. ಅಡ್ವಾನ್ಸ್ ಕೊಡುವ ಮೊದಲು ಮೊಬೈಲಿನ ದಿಕ್ಸೂಚಿ ತೆಗೆದು ಸೈಟಿನ ನಾಲ್ಕೂ ಮೂಲೆಗೆ ನಿಂತು ನೋಡುವ ಜನ ನಮ್ಮವರು. ಈಶಾನ್ಯ ಎರಡು ಡಿಗ್ರಿ ಆ ಕಡೆ ಈ ಕಡೆ ಆದರೆ ದೇವರಮನೆ ಎತ್ತಿ ಇಡಿಸ್ತಾರೆ. ವಾಸ್ತುವನ್ನು ನಂಬೋದು ಬಿಡೋದು ಅವರವರಿಗೆ ಸೇರಿದ್ದು. ಅವರು ಅಷ್ಟು ಶ್ರದ್ಧೆಯಿಂದ ಅಳೆದ ಉತ್ತರ ದಿಕ್ಕು ನಮ್ಮ ಮಾಡೆಲಿನ ಒಳಗೆ ಹೋಗೋದೇ ಇಲ್ಲವಲ್ಲ, ನನ್ನ ತಕರಾರು ಅದು. ನಾವು ಕಟ್ಟಡವನ್ನು ಶೀಟಿನ ಮೇಲೆ ನೆಟ್ಟಗೆ ಕೂರಿಸಿಕೊಂಡು ಬರೀತೀವಿ, ಕೈಗೆ ಅನುಕೂಲ. ಅದು ಪ್ರಾಜೆಕ್ಟ್ ನಾರ್ತ್. ರಸ್ತೆ ಮೂವತ್ತು ಡಿಗ್ರಿ ಓರೆಯಾಗಿದ್ದರೆ ನಿಜವಾದ ಉತ್ತರ ಇನ್ನೆಲ್ಲೋ ಇರುತ್ತೆ. ಅದನ್ನು ಟ್ರೂ ನಾರ್ತ್ ಅಂತ ಬೇರೆಯಾಗಿ ತಿರುಗಿಸಿ ಹೇಳಬೇಕು. ಹೇಳದಿದ್ದರೆ ಊರಿನ ಹೆಸರು ಬೆಂಗಳೂರು ಅಂತ ಸರಿಯಾಗಿ ಹಾಕಿದ್ದರೂ ಸೂರ್ಯ ತಪ್ಪು ಗೋಡೆಗೆ ಬೀಳ್ತಾನೆ. ನಮ್ಮೂರಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೇ. ಬಾಸ್ಟನ್‌ನಲ್ಲಿ ಹದಿನಾಲ್ಕರ ಹತ್ತಿರ. ಅಂದರೆ ಈ ವಿಷಯದಲ್ಲಿ ನಮಗೆ ನೆಪವೂ ಕಡಿಮೆ.

ಇಷ್ಟು ಮಾಡಿದರೆ ಎಲ್ಲ ಸರಿಹೋಯ್ತು ಅಂತ ನಾನು ಹೇಳ್ತಿಲ್ಲ. ಭೂಪಟ ತೆಗೆದು ನೋಡಿ. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿಯ ಆಸುಪಾಸು. ಮೂರೂ ಊರಿನ ಆಕಾಶದಲ್ಲಿ ಸೂರ್ಯನ ದಾರಿ ಒಂದೇ. ಆದರೆ ಮಂಗಳೂರಿನ ಮನೆಯನ್ನು ಬೆಂಗಳೂರಿನಲ್ಲಿ ಕಟ್ಟೋಕಾಗುತ್ತಾ? ಅಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ಸಮುದ್ರದ ಉಪ್ಪುಗಾಳಿ, ಬೆವರು ಆರದ ಸೆಕೆ. ಇಲ್ಲಿ ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಅದರ ಮೂರನೇ ಒಂದು ಪಾಲಿಗೂ ಮುಟ್ಟದ ಮಳೆ, ರಾತ್ರಿ ತಂಪು. ಚೆನ್ನೈಗೆ ಈಶಾನ್ಯ ಮಾರುತದ ಮಳೆ, ಅದು ಬರೋದೇ ನಮ್ಮ ದಸರಾ ದೀಪಾವಳಿಯ ಆಸುಪಾಸಿನಿಂದ. ಹಾಗಾಗಿ ಪಿನ್ ಇಟ್ಟ ಮೇಲೆ ಸಾಫ್ಟ್‌ವೇರ್ ಯಾವ ಹವಾಮಾನ ಕೇಂದ್ರದ ಅಂಕಿಗಳನ್ನು ಹಿಡಿದಿದೆ ಅಂತಲೂ ನೋಡಬೇಕು. ಏಸಿಗೆ ಎಷ್ಟು ಟನ್ ಬೇಕು ಅನ್ನುವ ಲೆಕ್ಕ ಹುಟ್ಟುವುದು ಅಲ್ಲಿಂದ. ಹಿಮ ಬೀಳುವ ಊರಿನ ಅಂಕಿ ಇಟ್ಟುಕೊಂಡು ಬಳ್ಳಾರಿಯ ಆಫೀಸಿಗೆ ಹೀಟಿಂಗ್ ಲೋಡ್ ತೋರಿಸಿದ ರಿಪೋರ್ಟ್ ನನ್ನ ಮೇಜಿಗೆ ಬಂದಿದೆ. ಬಳ್ಳಾರಿಗೆ ಹೀಟರ್!

ನಮ್ಮ ಸರ್ಕಾರದ ನಿಯಮಕ್ಕೂ ಈ ಮಾತು ಗೊತ್ತು. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ದೇಶವನ್ನು ಹವಾಮಾನ ವಲಯಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತೆ. ಯಾವ ದಿಕ್ಕಿನ ಗೋಡೆಗೆ ಎಷ್ಟು ತೂಕ ಕೊಡಬೇಕು ಅನ್ನುವುದಕ್ಕೆ ಎರಡು ಪಟ್ಟಿ ಇಟ್ಟಿದೆ, ಅಕ್ಷಾಂಶ 23.5 ಡಿಗ್ರಿಗಿಂತ ಮೇಲಿನ ಊರುಗಳಿಗೆ ಒಂದು, ಕೆಳಗಿನ ಊರುಗಳಿಗೆ ಒಂದು. ದೆಹಲಿಯ ಗೋಡೆಗೂ ಬೆಂಗಳೂರಿನ ಗೋಡೆಗೂ ಒಂದೇ ಲೆಕ್ಕ ನಡೆಯಲ್ಲ ಅಂತ ದೆಹಲಿಯಲ್ಲಿ ಕೂತವರೇ ಬರೆದಿಟ್ಟಿದ್ದಾರೆ. ಬೆಂಗಳೂರಿನಲ್ಲಿ ಕೂತ ನಾವು ಬಾಸ್ಟನ್‌ನ ಲೆಕ್ಕದಲ್ಲಿ ಸುಖವಾಗಿದ್ದೀವಿ.

ಇದರಲ್ಲಿ ನಾಚಿಕೆಯ ಸಂಗತಿ ಇನ್ನೊಂದಿದೆ. ಆಟೊ ಕೋನಿಗ್ಸ್‌ಬರ್ಗರ್ ಅಂತ ಒಬ್ಬರಿದ್ದರು. ಬರ್ಲಿನ್‌ನಲ್ಲಿ ಹುಟ್ಟಿ, ಹಿಟ್ಲರನ ಜರ್ಮನಿ ಬಿಟ್ಟು ಬಂದು, 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದವರು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ ಅವರು ಕಟ್ಟಿದ ಕಟ್ಟಡಗಳು ಇವತ್ತಿಗೂ ಇವೆ. 52 ಡಿಗ್ರಿಯ ಊರಿನಿಂದ ಬಂದ ಮನುಷ್ಯ 13 ಡಿಗ್ರಿಯ ಸೂರ್ಯನನ್ನು ಇಲ್ಲಿ ಬಂದು ಕಲಿಯಬೇಕಾಯ್ತು. ಆಮೇಲೆ ಲಂಡನ್‌ಗೆ ಹೋಗಿ ಬಿಸಿನಾಡುಗಳ ವಾಸ್ತುಶಿಲ್ಪವನ್ನೇ ಒಂದು ವಿಷಯವಾಗಿ ಪಾಠ ಮಾಡಿದರು. 1974ರಲ್ಲಿ ಜೊತೆಗಾರರೊಂದಿಗೆ ಅವರು ಬರೆದ ಉಷ್ಣವಲಯದ ಕಟ್ಟಡಗಳ ಕೈಪಿಡಿಯನ್ನು ನಮ್ಮ ಕಾಲೇಜುಗಳಲ್ಲಿ ಈಗಲೂ ಓದಿಸ್ತಾರೆ. ಜರ್ಮನಿಯಿಂದ ಬಂದವರು ತಮ್ಮ ತಲೆಯೊಳಗಿನ ಲೊಕೇಶನ್ ಬದಲಿಸಿಕೊಂಡರು. ಆ ಪುಸ್ತಕ ಓದಿ ಪರೀಕ್ಷೆ ಪಾಸಾದ ನಾವು ಒಂದು ಪೆಟ್ಟಿಗೆ ಬದಲಿಸಲಿಲ್ಲ.

ಹಾಗಾದರೆ ಏನಾಗಬೇಕು? ಸಾಫ್ಟ್‌ವೇರ್ ಮಾಡೋರು ಆ ಪೆಟ್ಟಿಗೆಯನ್ನು ಖಾಲಿ ಬಿಡಲಿ. ಊರು ಹೇಳದಿದ್ದರೆ ಬಿಸಿಲು ತೋರಿಸಲ್ಲ ಅಂತ ಹಟ ಹಿಡಿಯಲಿ. ಖಾಲಿ ಪೆಟ್ಟಿಗೆ ಕಣ್ಣಿಗೆ ಚುಚ್ಚುತ್ತೆ, ತುಂಬಿದ ಪೆಟ್ಟಿಗೆ ಮಲಗಿಸುತ್ತೆ. ಆಫೀಸುಗಳು ಒಂದು ನಿಯಮ ಮಾಡಿಕೊಳ್ಳಲಿ, ಲೊಕೇಶನ್ ಮತ್ತು ಟ್ರೂ ನಾರ್ತ್ ಹಾಕುವ ತನಕ ಮೊದಲ ಗೋಡೆ ಎಳೆಯೋ ಹಾಗಿಲ್ಲ. ಅದನ್ನು ಹೊಸದಾಗಿ ಸೇರಿದ ಟ್ರೈನಿಯ ತಲೆಗೆ ಕಟ್ಟದೆ, ಡ್ರಾಯಿಂಗಿಗೆ ಸಹಿ ಹಾಕುವ ಆರ್ಕಿಟೆಕ್ಟೇ ಕಣ್ಣಾರೆ ನೋಡಲಿ. ಕಾಲೇಜಿನಲ್ಲಿ ಸಾಫ್ಟ್‌ವೇರ್ ಕಲಿಸುವವರು ಗೋಡೆ ಎಳೆಯೋದನ್ನು ಎರಡನೇ ಪಾಠ ಮಾಡಲಿ.

ಇನ್ನು ದುಡ್ಡು ಕೊಡುವ ನೀವು. ನಿಮಗೆ ಸಾಫ್ಟ್‌ವೇರ್ ಬರಬೇಕಾಗಿಲ್ಲ. ಬುಕಿಂಗ್ ಮಾಡುವ ಮೊದಲು, ಇಲ್ಲವೇ ನಿಮ್ಮ ಸೈಟಿಗೆ ಪ್ಲಾನ್ ಮಾಡಿಸುವಾಗ, ಎರಡು ವಿಷಯ ಕೇಳಿ. ‘ಮೇ 10ರಂದು ಬೆಳಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ಐದಕ್ಕೆ ಈ ಮನೆಯೊಳಗೆ ಬಿಸಿಲು ಎಲ್ಲೆಲ್ಲಿ ಬೀಳುತ್ತೆ, ತೋರಿಸಿ. ಡಿಸೆಂಬರ್ 21ಕ್ಕೂ ಅದೇ ತೋರಿಸಿ.’ ಆಮೇಲೆ, ‘ಮಾಡೆಲಿನಲ್ಲಿ ಯಾವ ಊರು ಹಾಕಿದ್ದೀರಿ, ಆ ಪೆಟ್ಟಿಗೆ ಸ್ವಲ್ಪ ತೆರೀರಿ.’ ಕ್ಲಬ್‌ಹೌಸು, ಸ್ವಿಮ್ಮಿಂಗ್ ಪೂಲು, ಪೊಸೆಶನ್ ಡೇಟು ಕೇಳುವ ಹಕ್ಕು ಇರುವವರಿಗೆ ಇದನ್ನು ಕೇಳುವ ಹಕ್ಕೂ ಇದೆ. ಕಂಪ್ಯೂಟರ್ ಆನ್ ಇದ್ದರೆ ಒಂದು ನಿಮಿಷದ ಕೆಲಸ. ತೋರಿಸೋಕೆ ಮುಂದಿನ ವಾರ ಬನ್ನಿ ಅಂದರೆ, ಚೆಕ್ಕನ್ನೂ ಮುಂದಿನ ವಾರವೇ ಬರೆಯಿರಿ.